ಸುರಂಜನ್ ದಾಸ್

ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ (1920 – 10 ಜನವರಿ 1970) ಭಾರತೀಯ ವಾಯುಪಡೆಯ ಅಧಿಕಾರಿ ಹಾಗೂ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ (ಎಚ್‌ಎಎಲ್) ಸಂಸ್ಥೆಯ ಮುಖ್ಯ ಪರೀಕ್ಷಾ ವಿಮಾನಚಾಲಕರಾಗಿದ್ದವರು. ಭಾರತದಲ್ಲಿ ವಿನ್ಯಾಸಗೊಂಡ ಮೊದಲ ಜೆಟ್ ಯುದ್ಧವಿಮಾನವಾದ ಎಚ್‌ಎಫ್-24 ಮಾರುತ್ ಅನ್ನು 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿಸಿದವರು ಇವರೇ. ಜೆಟ್ ತರಬೇತಿ ವಿಮಾನವಾದ ಎಚ್‌ಜೆಟಿ-16 ಕಿರಣ್‌ನ ಮೊದಲ ಹಾರಾಟವನ್ನೂ 1964ರಲ್ಲಿ ಇವರು ನಡೆಸಿದರು. ಮಾರುತ್ ವಿಮಾನಕ್ಕೆ ಹೆಚ್ಚಿನ ಶಕ್ತಿಯ ಇಂಜಿನ್ ಒದಗಿಸುವ ಪ್ರಯತ್ನದ ಭಾಗವಾಗಿ ಸಿದ್ಧವಾಗಿದ್ದ ಮೂಲಮಾದರಿಯೊಂದರ ಅಪಘಾತದಲ್ಲಿ 1970ರ ಜನವರಿ 10ರಂದು ನಿಧನರಾದರು. ಭಾರತ ಸರ್ಕಾರವು ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿಯನ್ನು ನೀಡಿತು. ಬೆಂಗಳೂರಿನ ಪೂರ್ವಭಾಗದ ಪ್ರಮುಖ ರಸ್ತೆಯೊಂದು ಇವರ ಹೆಸರನ್ನು ಹೊತ್ತಿದೆ.

ಆರಂಭಿಕ ಜೀವನ

ಸುರಂಜನ್ ದಾಸ್ ಅವರದು ಬಂಗಾಳದ ಪ್ರಸಿದ್ಧ ಕಾನೂನು ತಜ್ಞರ ಕುಟುಂಬ. ತಂದೆ ಸುಧಿ ರಂಜನ್ ದಾಸ್ ಅವರು 1956ರಿಂದ 1959ರವರೆಗೆ ಭಾರತದ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾಗಿದ್ದರು. ಶಾಂತಿನಿಕೇತನದಲ್ಲಿ ರವೀಂದ್ರನಾಥ ಠಾಕೂರರ ಆರಂಭದ ವಿದ್ಯಾರ್ಥಿಗಳಲ್ಲಿ ಒಬ್ಬರಾಗಿದ್ದ ಅವರು, ನಿವೃತ್ತಿಯ ನಂತರ ವಿಶ್ವಭಾರತಿ ವಿಶ್ವವಿದ್ಯಾಲಯದ ಉಪಕುಲಪತಿಗಳಾದರು. ಕೇಂದ್ರ ಕಾನೂನು ಸಚಿವರಾಗಿದ್ದ ಅಶೋಕ್ ಕುಮಾರ್ ಸೇನ್ ಅವರು ಸುರಂಜನ್ ದಾಸ್ ಅವರ ಸಹೋದರಿಯ ಪತಿ. ಇಂತಹ ಮನೆತನದಲ್ಲಿ ಬೆಳೆದರೂ ಸುರಂಜನ್ ದಾಸ್ ವಾಯುಪಡೆಯನ್ನು ಆರಿಸಿಕೊಂಡರು. ಮುಂದೆ ಬ್ರಿಟನ್ನಿನ ಎಂಪೈರ್ ಟೆಸ್ಟ್ ಪೈಲಟ್ಸ್ ಸ್ಕೂಲ್‌ನಲ್ಲಿ ತರಬೇತಿ ಪಡೆದ ಮೊದಮೊದಲ ಭಾರತೀಯ ಅಧಿಕಾರಿಗಳಲ್ಲಿ ಒಬ್ಬರಾದರು. 1943ರಲ್ಲಿ ಬಾಸ್ಕಂಬ್ ಡೌನ್‌ನಲ್ಲಿ ಆರಂಭವಾದ ಈ ಶಾಲೆಯು ಪರೀಕ್ಷಾ ವಿಮಾನಚಾಲಕರಿಗಾಗಿಯೇ ಸ್ಥಾಪನೆಯಾದ ಜಗತ್ತಿನ ಮೊದಲ ಶಾಲೆಯಾಗಿದೆ.

ಪರೀಕ್ಷಾ ಹಾರಾಟದ ಹಿನ್ನೆಲೆ

ಹೊಸದಾಗಿ ವಿನ್ಯಾಸಗೊಂಡ ವಿಮಾನವು ಲೆಕ್ಕಾಚಾರದಂತೆಯೇ ವರ್ತಿಸುತ್ತದೆಯೇ ಎಂಬುದನ್ನು ಹಾರಾಟದ ಮೂಲಕವೇ ಕಂಡುಕೊಳ್ಳಬೇಕಾಗುತ್ತದೆ. ಈ ಕೆಲಸ ಮಾಡುವವರು ಪರೀಕ್ಷಾ ವಿಮಾನಚಾಲಕರು, ಅಂದರೆ ಟೆಸ್ಟ್ ಪೈಲಟ್‌ಗಳು. ವೇಗ, ಎತ್ತರ, ತಿರುವುಗಳ ಮಿತಿಯನ್ನು ಹಂತಹಂತವಾಗಿ ವಿಸ್ತರಿಸುತ್ತ, ಪ್ರತಿ ಹಂತದಲ್ಲಿಯೂ ವಿಮಾನದ ನಡವಳಿಕೆಯನ್ನು ಅಳೆದು ವಿನ್ಯಾಸಕಾರರಿಗೆ ನಿಖರವಾದ ವರದಿ ಸಲ್ಲಿಸುವುದು ಅವರ ಮುಖ್ಯ ಹೊಣೆ. ಆದ್ದರಿಂದ ಈ ವೃತ್ತಿಗೆ ಹಾರಾಟದ ಕೌಶಲದೊಂದಿಗೆ ಇಂಜಿನಿಯರಿಂಗ್ ಜ್ಞಾನವೂ ಅಗತ್ಯ.

ಎರಡನೆಯ ಮಹಾಯುದ್ಧದ ಕಾಲ ಹಾಗೂ ಅದರ ನಂತರದ ಎರಡು ದಶಕಗಳಲ್ಲಿ ಈ ವೃತ್ತಿಯು ಅತ್ಯಂತ ಅಪಾಯಕಾರಿಯಾಗಿತ್ತು. ಜರ್ಮನಿಯ ಹೈನಿ ಡಿಟ್‌ಮಾರ್ 1941ರ ಅಕ್ಟೋಬರ್ 2ರಂದು ಮೆಸರ್‌ಶ್ಮಿಟ್ 163 ರಾಕೆಟ್ ವಿಮಾನದಲ್ಲಿ ಗಂಟೆಗೆ 1,000 ಕಿಲೋಮೀಟರಿಗೂ ಹೆಚ್ಚಿನ ವೇಗವನ್ನು ಮುಟ್ಟಿದರು. ಇಂಧನವನ್ನು ಉಳಿಸುವ ಸಲುವಾಗಿ ಆ ವಿಮಾನವನ್ನು ಮತ್ತೊಂದು ವಿಮಾನಕ್ಕೆ ಕಟ್ಟಿ ಎಳೆದೊಯ್ದು ಎತ್ತರದಲ್ಲಿ ಬಿಡಲಾಗಿತ್ತು. ಅಮೆರಿಕದ ಚಕ್ ಯೇಗರ್ 1947ರ ಅಕ್ಟೋಬರ್ 14ರಂದು ಬೆಲ್ ಎಕ್ಸ್-1 ರಾಕೆಟ್ ವಿಮಾನದಲ್ಲಿ ಶಬ್ದದ ವೇಗವನ್ನು ಮೀರಿದರು.

ಬೆಂಗಳೂರು ಮತ್ತು ಎಚ್‌ಎಎಲ್

ಸುರಂಜನ್ ದಾಸ್ ಅವರ ವೃತ್ತಿಜೀವನದ ಮುಖ್ಯ ಭಾಗವು ಬೆಂಗಳೂರಿನಲ್ಲಿ ಕಳೆಯಿತು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಯುದ್ಧಕಾಲದಲ್ಲಿ ಇಲ್ಲಿ ಮುಖ್ಯವಾಗಿ ವಿಮಾನಗಳ ಜೋಡಣೆ ಹಾಗೂ ದುರಸ್ತಿ ನಡೆಯುತ್ತಿತ್ತು. ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನವು 1951ರ ಆಗಸ್ಟ್ 5ರಂದು ಹಾರಿದಾಗ, ಸ್ವತಂತ್ರ ಭಾರತದಲ್ಲಿ ವಿನ್ಯಾಸಕಾರ್ಯವೂ ನಡೆಯಬಲ್ಲದೆಂಬುದು ಖಚಿತವಾಯಿತು. ಆ ಮೊದಲ ಹಾರಾಟವನ್ನು ಸಂಸ್ಥೆಯ ಅಂದಿನ ಮುಖ್ಯ ಪರೀಕ್ಷಾ ಚಾಲಕರಾದ ಕ್ಯಾಪ್ಟನ್ ಜಮ್‌ಶೆಡ್ ಮುನ್ಷಿ ನಡೆಸಿದ್ದರು. 1964ರಲ್ಲಿ ಬೇರೊಂದು ಸರ್ಕಾರಿ ಸಂಸ್ಥೆಯೊಂದಿಗೆ ವಿಲೀನಗೊಂಡ ನಂತರ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ ಎಂಬ ಹೆಸರನ್ನು ಪಡೆಯಿತು.

1950ರ ದಶಕದ ಮಧ್ಯದಲ್ಲಿ ಬ್ರಿಟನ್ನಿನ ಫಾಲಂಡ್ ನ್ಯಾಟ್ ಎಂಬ ಹಗುರ ಯುದ್ಧವಿಮಾನವನ್ನು ಪರವಾನಗಿಯ ಮೇಲೆ ಬೆಂಗಳೂರಿನಲ್ಲಿ ನಿರ್ಮಿಸಲು ಭಾರತವು ಒಪ್ಪಂದ ಮಾಡಿಕೊಂಡಿತು. ನ್ಯಾಟ್‌ನ ಪರೀಕ್ಷೆಗಳಲ್ಲಿಯೂ ದಾಸ್ ಪಾಲ್ಗೊಂಡಿದ್ದರು. ನ್ಯಾಟ್‌ಗೆ ಅಳವಡಿಸಲಾಗಿದ್ದ ಬ್ರಿಸ್ಟಲ್ ಆರ್ಫಿಯಸ್ ಸರಣಿಯ ಇಂಜಿನ್ ಮುಂದೆ ಮಾರುತ್ ವಿಮಾನದ ಭವಿಷ್ಯವನ್ನೂ ನಿರ್ಧರಿಸಿತು.

ಮಾರುತ್ ಯೋಜನೆ

ಶಬ್ದದ ಎರಡು ಪಟ್ಟು ವೇಗ (ಮ್ಯಾಕ್ 2), 60,000 ಅಡಿ ಎತ್ತರದ ಸಾಮರ್ಥ್ಯ ಹಾಗೂ ಸುಮಾರು 800 ಕಿಲೋಮೀಟರ್ ಕಾರ್ಯಾಚರಣೆಯ ವ್ಯಾಪ್ತಿ ಇರುವ ಯುದ್ಧವಿಮಾನ ಬೇಕೆಂದು ಭಾರತೀಯ ವಾಯುಪಡೆಯು 1950ರ ದಶಕದಲ್ಲಿ ಬೇಡಿಕೆಯನ್ನು ಮುಂದಿಟ್ಟಿತು. ಆ ಕಾಲಕ್ಕೆ ಬೆರಳೆಣಿಕೆಯ ದೇಶಗಳಷ್ಟೇ ಇಂತಹ ವಿಮಾನವನ್ನು ವಿನ್ಯಾಸಗೊಳಿಸಲು ಶಕ್ತವಾಗಿದ್ದವು. ಮಹಾಯುದ್ಧದಲ್ಲಿ ಫೋಕೆ-ವುಲ್ಫ್ 190 ವಿಮಾನವನ್ನು ರೂಪಿಸಿದ್ದ ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರನ್ನು ಭಾರತ ಸರ್ಕಾರ ಆಹ್ವಾನಿಸಿತು. ಟ್ಯಾಂಕ್ 1956ರಲ್ಲಿ ಭಾರತಕ್ಕೆ ಬಂದು, ಜರ್ಮನ್ ಹಾಗೂ ಭಾರತೀಯ ಇಂಜಿನಿಯರುಗಳ ತಂಡದೊಂದಿಗೆ ಬೆಂಗಳೂರಿನಲ್ಲಿ ಕೆಲಸ ಆರಂಭಿಸಿದರು. ಎಚ್‌ಎಫ್-24 ಎಂಬ ಸಂಕೇತ ಪಡೆದ ಈ ವಿಮಾನಕ್ಕೆ ಗಾಳಿ ಎಂಬ ಅರ್ಥದ ಮಾರುತ್ ಎಂಬ ಹೆಸರನ್ನು ಇಡಲಾಯಿತು. ಇದರ ಪರೀಕ್ಷಾ ಹಾರಾಟದ ಹೊಣೆ ಆಗ ವಿಂಗ್ ಕಮಾಂಡರ್ ಆಗಿದ್ದ ಸುರಂಜನ್ ದಾಸ್ ಅವರದಾಯಿತು.

ಇಂಜಿನ್ ರಹಿತ ಹಾರಾಟ

ಮಾರುತ್‌ನ ಆಕಾರವನ್ನು ಹಾರಾಟದಲ್ಲಿ ಪರಿಶೀಲಿಸಲು, ಲೋಹದ ಮೂಲಮಾದರಿಗೆ ಮೊದಲು ಅದೇ ಗಾತ್ರದ ಮರದ ಗ್ಲೈಡರ್ ಒಂದನ್ನು ನಿರ್ಮಿಸಲಾಯಿತು. ಎಕ್ಸ್-241 ಎಂಬ ಈ ಗ್ಲೈಡರ್‌ಗೆ ಇಂಜಿನ್ ಇರಲಿಲ್ಲ. ರೆಕ್ಕೆಯ ವಿನ್ಯಾಸ ಮತ್ತು ನಿಯಂತ್ರಣ ಫಲಕಗಳು ನಿಜವಾದ ವಿಮಾನದವುಗಳನ್ನೇ ಅನುಸರಿಸಿದ್ದವು. 1959ರಲ್ಲಿ ಡಕೋಟಾ ವಿಮಾನವೊಂದು ಹಗ್ಗದಿಂದ ಎಳೆದುಕೊಂಡು ಇದನ್ನು ಆಕಾಶಕ್ಕೆ ಏರಿಸಿತು. ಎತ್ತರದಲ್ಲಿ ಹಗ್ಗವನ್ನು ಕಳಚಿಕೊಂಡ ದಾಸ್, ವಿಮಾನದ ಸ್ಥಿರತೆ, ನಿಯಂತ್ರಣ ಮತ್ತು ಕಡಿಮೆ ವೇಗದ ವರ್ತನೆಯನ್ನು ಪರೀಕ್ಷಿಸುತ್ತ ಗ್ಲೈಡರನ್ನು ನೆಲಕ್ಕಿಳಿಸಿದರು. ಈ ಗ್ಲೈಡರ್ ಒಟ್ಟು ಎಪ್ಪತ್ತಕ್ಕೂ ಹೆಚ್ಚು ಬಾರಿ ಹಾರಿತು. ಇಳಿಯುವ ವೇಳೆ ಗಾಲಿಗಳ ವ್ಯವಸ್ಥೆ ಕೆಲಸ ಮಾಡದೆ ಹಾನಿಗೊಂಡ ಬಳಿಕ ಇದರ ಪರೀಕ್ಷೆಗಳು ಕೊನೆಗೊಂಡವು. ಅಷ್ಟರಲ್ಲಿ ಅಗತ್ಯವಾದ ಮಾಹಿತಿಯ ಬಹುಭಾಗ ದೊರೆತಿತ್ತು.

ಇಂತಹ ಗ್ಲೈಡರಿನ ಚಾಲಕನಿಗೆ ಇಳಿಯಲು ಒಂದೇ ಅವಕಾಶ ಇರುತ್ತದೆ. ಅಂದಾಜು ತಪ್ಪಿದರೆ ಇಂಜಿನ್ ಬಲದಿಂದ ಮತ್ತೆ ಮೇಲೇರಿ ಇನ್ನೊಮ್ಮೆ ಪ್ರಯತ್ನಿಸಲು ಸಾಧ್ಯವಿಲ್ಲ. ಇದೇ ವರ್ಷದ ಜೂನ್ 8ರಂದು ಅಮೆರಿಕದ ಎಕ್ಸ್-15 ರಾಕೆಟ್ ವಿಮಾನವೂ ತನ್ನ ಮೊದಲ ಸ್ವತಂತ್ರ ಹಾರಾಟವನ್ನು ಇಂಜಿನ್ ಬಳಸದೆಯೇ ನಡೆಸಿತು. ಅದರ ಚಾಲಕ ಸ್ಕಾಟ್ ಕ್ರಾಸ್‌ಫೀಲ್ಡ್, ಬಿ-52 ವಿಮಾನದಿಂದ ಬೇರ್ಪಟ್ಟು ತೇಲುತ್ತ ಬಂದು ಭೂಸ್ಪರ್ಶ ಮಾಡಿದರು.

ಮೊದಲ ಹಾರಾಟ

ಮಾರುತ್‌ನ ಮೊದಲ ಮೂಲಮಾದರಿಯು (ಬಿಆರ್ 461) ರನ್‌ವೇ ಮೇಲಿನ ಓಟದ ಪರೀಕ್ಷೆಗಳನ್ನು ಪೂರೈಸಿ, 1961ರ ಜೂನ್ 17ರಂದು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ದಾಸ್ ಅವರ ಚಾಲನೆಯಲ್ಲಿ ಮೊದಲ ಬಾರಿಗೆ ಹಾರಿತು. ಒಂದು ವಾರದ ಬಳಿಕ, ಜೂನ್ 24ರಂದು, ರಕ್ಷಣಾ ಸಚಿವ ವಿ. ಕೆ. ಕೃಷ್ಣ ಮೆನನ್ ಅವರ ಸಮ್ಮುಖದಲ್ಲಿ ಅಧಿಕೃತ ಪ್ರದರ್ಶನ ಹಾರಾಟ ನಡೆಯಿತು. 1962ರಲ್ಲಿ ಎರಡನೆಯ ಮೂಲಮಾದರಿಯೂ ಪರೀಕ್ಷೆಗೆ ಸೇರಿಕೊಂಡಿತು. ಉತ್ಪಾದನಾ ಪೂರ್ವ ಹಂತದ ಮೊದಲ ಎರಡು ವಿಮಾನಗಳನ್ನು 1964ರ ಮೇ 10ರಂದು ವಾಯುಪಡೆಗೆ ಹಸ್ತಾಂತರಿಸಲಾಯಿತು. 1967ರ ಏಪ್ರಿಲ್‌ನಲ್ಲಿ ವಾಯುಪಡೆಯ 10ನೆಯ ಸ್ಕ್ವಾಡ್ರನ್ ಮಾರುತ್‌ಗಳನ್ನು ಪಡೆದ ಮೊದಲ ತುಕಡಿಯಾಯಿತು.

ಇಂಜಿನ್ ಸಮಸ್ಯೆ

ಮಾರುತ್‌ನ ವಿನ್ಯಾಸವು ಆಫ್ಟರ್‌ಬರ್ನರ್ ಸಹಿತವಾದ ಆರ್ಫಿಯಸ್ ಬಿಓಆರ್-12 ಇಂಜಿನ್ನನ್ನು ಆಧರಿಸಿತ್ತು. ಇಂಜಿನ್ನಿನಿಂದ ಹೊರಬರುವ ಬಿಸಿ ಅನಿಲಕ್ಕೆ ಮತ್ತಷ್ಟು ಇಂಧನವನ್ನು ಸೇರಿಸಿ ಉರಿಸುವ ಮೂಲಕ ನೂಕುಬಲವನ್ನು ಹೆಚ್ಚಿಸುವ ಸಾಧನವೇ ಆಫ್ಟರ್‌ಬರ್ನರ್. ಈ ಇಂಜಿನ್ನಿನಿಂದ ಸುಮಾರು 3,700 ಕಿಲೋಗ್ರಾಂ ನೂಕುಬಲವನ್ನು ನಿರೀಕ್ಷಿಸಲಾಗಿತ್ತು. ಆದರೆ ಬ್ರಿಟನ್ ಅದರ ಅಭಿವೃದ್ಧಿಯನ್ನು ಕೈಬಿಟ್ಟಿತು. ಮುಂದುವರಿಸಬೇಕಾದರೆ ಭಾರತವೇ ವೆಚ್ಚ ಭರಿಸಬೇಕಾಗಿತ್ತು. ಆ ಪ್ರಸ್ತಾಪಕ್ಕೆ ಸರ್ಕಾರ ಒಪ್ಪಲಿಲ್ಲ. ಹೀಗಾಗಿ ತಲಾ ಸುಮಾರು 2,200 ಕಿಲೋಗ್ರಾಂ ನೂಕುಬಲದ, ಆಫ್ಟರ್‌ಬರ್ನರ್ ಇಲ್ಲದ ಎರಡು ಆರ್ಫಿಯಸ್ 703 ಇಂಜಿನ್‌ಗಳನ್ನೇ ವಿಮಾನಕ್ಕೆ ಅಳವಡಿಸಬೇಕಾಯಿತು. ಮ್ಯಾಕ್ 2 ವೇಗಕ್ಕೆಂದು ರೂಪುಗೊಂಡ ವಿಮಾನವು ಶಬ್ದದ ವೇಗದ ಆಸುಪಾಸಿಗೆ ಸೀಮಿತಗೊಂಡಿತು.

ಬದಲಿ ಇಂಜಿನ್‌ಗಾಗಿ ಹಲವು ಪ್ರಯತ್ನಗಳು ನಡೆದವು. ಸೋವಿಯತ್ ಒಕ್ಕೂಟದ ಆರ್‌ಡಿ-9ಎಫ್ ಇಂಜಿನ್ನನ್ನು ಪರಿಶೀಲಿಸಿ ಕೈಬಿಡಲಾಯಿತು. ಈಜಿಪ್ಟ್‌ನಲ್ಲಿ ಆಸ್ಟ್ರಿಯಾ ಮೂಲದ ಫರ್ಡಿನಾಂಡ್ ಬ್ರಾಂಡ್ನರ್ ರೂಪಿಸುತ್ತಿದ್ದ ಇ-300 ಇಂಜಿನ್‌ನ ಪರೀಕ್ಷೆಗಾಗಿ ಮಾರುತ್ ವಿಮಾನವೊಂದನ್ನು ಅಲ್ಲಿಗೆ ಕಳುಹಿಸಲಾಯಿತು. ಒಂದು ಇ-300 ಹಾಗೂ ಒಂದು ಆರ್ಫಿಯಸ್ ಇಂಜಿನ್ ಹೊಂದಿದ್ದ ಈ ವಿಮಾನ 1967ರಲ್ಲಿ ಅಲ್ಲಿ ಹಾರಿತು. ಈಜಿಪ್ಟ್ ಅಭಿವೃದ್ಧಿಪಡಿಸುತ್ತಿದ್ದ ಎಚ್‌ಎ-300 ಯುದ್ಧವಿಮಾನದ ಮೊದಲ ಹಾರಾಟವನ್ನು 1964ರ ಮಾರ್ಚ್ 7ರಂದು ನಡೆಸಿದವರೂ ಭಾರತೀಯ ವಾಯುಪಡೆಯ ಪರೀಕ್ಷಾ ಚಾಲಕರಾದ ಕಪಿಲ್ ಭಾರ್ಗವ ಅವರೇ. ಆದರೆ ಇ-300 ಯೋಜನೆಯೂ ಪೂರ್ಣಗೊಳ್ಳಲಿಲ್ಲ.

ಅಮೆರಿಕದ ಎಕ್ಸ್-15 ಯೋಜನೆಯೂ ಇದೇ ಬಗೆಯ ತೊಡಕನ್ನು ಎದುರಿಸಿತ್ತು. ಅದರ ಮುಖ್ಯ ರಾಕೆಟ್ ಇಂಜಿನ್ ಸಿದ್ಧವಾಗುವುದು ತಡವಾದ್ದರಿಂದ, ಆರಂಭದ ಹಾರಾಟಗಳನ್ನು ಕಡಿಮೆ ಶಕ್ತಿಯ ಎರಡು ಹಳೆಯ ಮಾದರಿಯ ಇಂಜಿನ್‌ಗಳಿಂದ ನಡೆಸಲಾಯಿತು. ಆದರೆ 1960ರ ನವೆಂಬರ್‌ನಲ್ಲಿ ಮುಖ್ಯ ಇಂಜಿನ್ ದೊರೆಯಿತು. ನಂತರ ಆ ವಿಮಾನವು ತನ್ನ ಉದ್ದೇಶಿತ ವೇಗವನ್ನು ಸಾಧಿಸಿತು. ಮಾರುತ್‌ನ ವಿಷಯದಲ್ಲಿ ತಾತ್ಕಾಲಿಕವಾಗಿ ಅಳವಡಿಸಿದ ಇಂಜಿನ್ನೇ ಕೊನೆಯವರೆಗೂ ಉಳಿಯಿತು.

ಕಿರಣ್ ವಿಮಾನ

ಮಾರುತ್ ಪರೀಕ್ಷೆಗಳು ನಡೆಯುತ್ತಿದ್ದ ಅವಧಿಯಲ್ಲಿಯೇ ಎಚ್‌ಎಎಲ್ ಮೂಲ ಹಂತದ ಜೆಟ್ ತರಬೇತಿ ವಿಮಾನವೊಂದನ್ನು ವಿನ್ಯಾಸಗೊಳಿಸಿತು. ಎಚ್‌ಜೆಟಿ-16 ಕಿರಣ್ ಎಂಬ ಈ ವಿಮಾನವನ್ನು 1964ರ ಸೆಪ್ಟೆಂಬರ್ 4ರಂದು ದಾಸ್ ಮೊದಲ ಬಾರಿಗೆ ಹಾರಿಸಿದರು. ಇದರಲ್ಲಿ ಶಿಕ್ಷಕ ಮತ್ತು ವಿದ್ಯಾರ್ಥಿ ಅಕ್ಕಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ. ಅನುಭವವಿಲ್ಲದ ಕೈಗಳೂ ನಿಭಾಯಿಸಬಲ್ಲಂತಹ ಸೌಮ್ಯ ವರ್ತನೆ ತರಬೇತಿ ವಿಮಾನದ ಮುಖ್ಯ ಅಗತ್ಯವಾದುದರಿಂದ, ಇಂತಹ ವಿಮಾನದ ಪರೀಕ್ಷೆಯು ಯುದ್ಧವಿಮಾನದ ಪರೀಕ್ಷೆಗಿಂತ ಭಿನ್ನವಾದ ಎಚ್ಚರಿಕೆಯನ್ನು ಬೇಡುತ್ತದೆ.

ಭಾರತೀಯ ವಾಯುಪಡೆಯ ಹಲವು ತಲೆಮಾರಿನ ಚಾಲಕರು ಕಿರಣ್‌ನಲ್ಲಿ ತರಬೇತಿ ಪಡೆದಿದ್ದಾರೆ. 1976ರಲ್ಲಿ ಮೊದಲು ಹಾರಿದ ಇದರ ಸುಧಾರಿತ ಆವೃತ್ತಿಯಾದ ಕಿರಣ್ ಮಾರ್ಕ್-2ಕ್ಕೆ ಆರ್ಫಿಯಸ್ ಇಂಜಿನ್ನನ್ನು ಅಳವಡಿಸಲಾಯಿತು. 1996ರಲ್ಲಿ ರಚನೆಯಾಗಿ ಬೀದರ್ ವಾಯುನೆಲೆಯನ್ನು ಕೇಂದ್ರವಾಗಿಸಿಕೊಂಡ ಸೂರ್ಯಕಿರಣ್ ವೈಮಾನಿಕ ಪ್ರದರ್ಶನ ತಂಡವು 2011ರವರೆಗೆ ಬಳಸಿದ್ದು ಇದೇ ಆವೃತ್ತಿಯನ್ನು.

ಅಪಘಾತ ಮತ್ತು ಮರಣ

ವಿದೇಶಿ ಇಂಜಿನ್‌ಗಳ ದಾರಿ ಮುಚ್ಚಿದ ಮೇಲೆ, ಲಭ್ಯವಿರುವ ಆರ್ಫಿಯಸ್ 703 ಇಂಜಿನ್ನಿಗೇ ದೇಶೀಯ ಆಫ್ಟರ್‌ಬರ್ನರ್ ಜೋಡಿಸುವ ಮಾರ್ಗವನ್ನು ಅನುಸರಿಸಲಾಯಿತು. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಯು (ಜಿಟಿಆರ್‌ಇ) ಈ ಕೆಲಸವನ್ನು ಕೈಗೊಂಡಿತು. ಆಫ್ಟರ್‌ಬರ್ನರ್‌ಗಳಿಗೆ ಜಾಗ ಒದಗಿಸಲು ವಿಮಾನದ ಹಿಂಭಾಗವನ್ನು ಮರುವಿನ್ಯಾಸಗೊಳಿಸಬೇಕಾಯಿತು. ಇದರಿಂದ ಗಾಳಿಯ ಎಳೆತ ಹೆಚ್ಚಿ, ಇಂಜಿನ್ನಿನಿಂದ ದೊರೆತ ಹೆಚ್ಚುವರಿ ಬಲದ ಲಾಭ ಕುಗ್ಗುವ ಸಮಸ್ಯೆಯೂ ಎದುರಾಯಿತು. ಎರಡೂ ಇಂಜಿನ್‌ಗಳಿಗೆ ಆಫ್ಟರ್‌ಬರ್ನರ್ ಇದ್ದ ಈ ಮಾದರಿಯನ್ನು ಮಾರ್ಕ್-1ಆರ್ ಎಂದು ಕರೆಯಲಾಯಿತು.

1970ರ ಜನವರಿ 10ರಂದು ಮಾರ್ಕ್-1ಆರ್ ಮೂಲಮಾದರಿಯು ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮೇಲೇರಿದ ಸ್ವಲ್ಪ ಹೊತ್ತಿನಲ್ಲಿಯೇ ಪತನಗೊಂಡಿತು. ಅದನ್ನು ಚಲಾಯಿಸುತ್ತಿದ್ದ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಮೃತಪಟ್ಟರು. ಮರದ ಗ್ಲೈಡರಿನಿಂದ ಮೊದಲುಗೊಂಡು ಮಾರುತ್‌ನ ಬೆಳವಣಿಗೆಯ ಮುಖ್ಯ ಘಟ್ಟಗಳಲ್ಲಿ ಹನ್ನೊಂದು ವರ್ಷಗಳ ಕಾಲ ಅದರ ಚಾಲಕರಾಗಿದ್ದ ಅವರು ಅದೇ ವಿಮಾನದ ಪರೀಕ್ಷೆಯಲ್ಲಿ ಪ್ರಾಣ ಕಳೆದುಕೊಂಡರು. ಮಾರ್ಕ್-1ಆರ್ ಮಾದರಿಯು ಉತ್ಪಾದನೆಯ ಹಂತವನ್ನು ತಲುಪಲಿಲ್ಲ.

ಮಾರುತ್‌ನ ಮುಂದಿನ ಸೇವೆ

ದಾಸ್ ಅವರ ಮರಣದ ಮರುವರ್ಷ ನಡೆದ ಭಾರತ–ಪಾಕಿಸ್ತಾನ ಯುದ್ಧದಲ್ಲಿ ಮಾರುತ್‌ಗಳು ರಾಜಸ್ಥಾನದ ವಾಯುನೆಲೆಗಳಿಂದ ಕಾರ್ಯಾಚರಣೆ ನಡೆಸಿದವು. ಲೋಂಗೇವಾಲಾ ಕದನದಲ್ಲಿ ಭೂಸೇನೆಗೆ ನೆರವಾದ ವಿಮಾನಗಳಲ್ಲಿ ಇವೂ ಸೇರಿದ್ದವು. ಮೇಲಿನ ಎತ್ತರದಲ್ಲಿ ನಿರೀಕ್ಷಿತ ವೇಗ ದೊರೆಯದಿದ್ದರೂ, ನೆಲದ ಸಮೀಪ ಹಾರಿ ದಾಳಿ ನಡೆಸುವುದಕ್ಕೆ ಇದು ಸ್ಥಿರವಾದ, ಗಟ್ಟಿಮುಟ್ಟಾದ ವಿಮಾನವೆನಿಸಿತು. ಒಂದು ಇಂಜಿನ್ ನಿಷ್ಕ್ರಿಯಗೊಂಡಾಗಲೂ ಇನ್ನೊಂದರ ಬಲದಿಂದಲೇ ನೆಲೆಗೆ ಮರಳಿದ ನಿದರ್ಶನಗಳಿವೆ. 1971ರ ಡಿಸೆಂಬರ್ 7ರಂದು ಸ್ಕ್ವಾಡ್ರನ್ ಲೀಡರ್ ಕೆ. ಕೆ. ಬಕ್ಷಿ ಅವರು ಮಾರುತ್‌ನಿಂದ ಪಾಕಿಸ್ತಾನದ ಸೇಬರ್ ವಿಮಾನವೊಂದನ್ನು ಹೊಡೆದುರುಳಿಸಿದರು. ಆಕಾಶದ ಕಾಳಗದಲ್ಲಿ ಯಾವ ಮಾರುತ್ ವಿಮಾನವೂ ನಷ್ಟವಾಗಲಿಲ್ಲ.

ಎರಡು ಆಸನಗಳ 18 ತರಬೇತಿ ವಿಮಾನಗಳೂ ಸೇರಿದಂತೆ ಒಟ್ಟು 147 ಮಾರುತ್‌ಗಳು ನಿರ್ಮಾಣಗೊಂಡವು. ಇವುಗಳಲ್ಲಿ ಒಂದನ್ನು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಆವರಣದಲ್ಲಿ ಕಾಣಬಹುದು. ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ಎಚ್‌ಎಎಲ್ ಪರಂಪರೆ ಕೇಂದ್ರದಲ್ಲಿಯೂ ಮಾರುತ್ ವಿಮಾನವನ್ನು ಪ್ರದರ್ಶನಕ್ಕಿಡಲಾಗಿದೆ.

ಗೌರವ ಮತ್ತು ಸ್ಮರಣೆ

ಸುರಂಜನ್ ದಾಸ್ ಅವರಿಗೆ 1970ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ನೀಡಿ ಗೌರವಿಸಲಾಯಿತು. ಇದು ಭಾರತದ ಎರಡನೆಯ ಅತ್ಯುನ್ನತ ನಾಗರಿಕ ಪ್ರಶಸ್ತಿ.

ಬೆಂಗಳೂರಿನಲ್ಲಿ ಹಳೆ ಮದ್ರಾಸು ರಸ್ತೆಯನ್ನೂ ಹಳೆ ವಿಮಾನ ನಿಲ್ದಾಣ ರಸ್ತೆಯನ್ನೂ ಜೋಡಿಸುವ ರಸ್ತೆಗೆ ಸುರಂಜನ್ ದಾಸ್ ರಸ್ತೆ ಎಂದು ಹೆಸರಿಡಲಾಗಿದೆ. ಈ ರಸ್ತೆಯು ಎಚ್‌ಎಎಲ್ ಪ್ರದೇಶದ ಸಮೀಪದಲ್ಲಿಯೇ ಹಾದುಹೋಗುತ್ತದೆ.

ದಾಸ್ ಅವರ ಕಾಲದಲ್ಲಿ ಪರೀಕ್ಷಾ ಚಾಲಕರ ತರಬೇತಿಗಾಗಿ ಭಾರತೀಯರು ವಿದೇಶಕ್ಕೆ ಹೋಗಬೇಕಾಗಿತ್ತು. 1970ರ ದಶಕದಲ್ಲಿ ಬೆಂಗಳೂರಿನಲ್ಲಿ ವಾಯುಪಡೆಯ ವಿಮಾನ ಮತ್ತು ವ್ಯವಸ್ಥೆಗಳ ಪರೀಕ್ಷಾ ಸಂಸ್ಥೆ (ಎಎಸ್‌ಟಿಇ) ಹಾಗೂ ಅದರ ಅಡಿಯಲ್ಲಿ ವಾಯುಪಡೆಯ ಪರೀಕ್ಷಾ ಚಾಲಕರ ಶಾಲೆ ಆರಂಭಗೊಂಡ ಬಳಿಕ ಈ ತರಬೇತಿ ದೇಶದಲ್ಲಿಯೇ ದೊರೆಯುವಂತಾಯಿತು. ಈ ಶಾಲೆಯ ಸರ್ವಾಂಗೀಣ ಶ್ರೇಷ್ಠ ವಿದ್ಯಾರ್ಥಿ ಚಾಲಕರಿಗೆ ಸುರಂಜನ್ ದಾಸ್ ಪಾರಿತೋಷಕವನ್ನು ನೀಡಲಾಗುತ್ತದೆ.

ಮಹತ್ವ

ಭಾರತದ ವೈಮಾನಿಕ ಇತಿಹಾಸದಲ್ಲಿ ಸುರಂಜನ್ ದಾಸ್ ಅವರ ಹೆಸರು ಮಾರುತ್‌ನೊಂದಿಗೆ ಬೆಸೆದುಕೊಂಡಿದೆ. ಉತ್ತಮ ವಿಮಾನದ ಚೌಕಟ್ಟನ್ನು ವಿನ್ಯಾಸಗೊಳಿಸಿದರೂ ತಕ್ಕ ಇಂಜಿನ್ ಇಲ್ಲದಿದ್ದರೆ ಅದರ ಸಾಮರ್ಥ್ಯ ಪೂರ್ಣವಾಗಿ ಹೊರಹೊಮ್ಮುವುದಿಲ್ಲ ಎಂಬುದಕ್ಕೆ ಮಾರುತ್ ಒಂದು ಪ್ರಮುಖ ಉದಾಹರಣೆ. ಈ ಅಂತರವನ್ನು ತುಂಬುವ ಪ್ರಯತ್ನದ ಅಪಾಯವನ್ನು ಅಂತಿಮವಾಗಿ ಹೊತ್ತವರು ಪರೀಕ್ಷಾ ಚಾಲಕರು.

ಮಾರುತ್‌ನ ಮೊದಲ ಹಾರಾಟದ ಸುಮಾರು 40 ವರ್ಷಗಳ ಬಳಿಕ, 2001ರ ಜನವರಿ 4ರಂದು, ಅದೇ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಅವರು, ಮುಂದೆ ತೇಜಸ್ ಎಂದು ಹೆಸರಾದ ಹಗುರ ಯುದ್ಧವಿಮಾನವನ್ನು ಮೊದಲ ಬಾರಿಗೆ ಹಾರಿಸಿದರು. ಅದಕ್ಕಾಗಿ ಜಿಟಿಆರ್‌ಇ ರೂಪಿಸುತ್ತಿದ್ದ ಕಾವೇರಿ ಇಂಜಿನ್ ಸಿದ್ಧವಾಗಿರಲಿಲ್ಲ. ಅಮೆರಿಕದ ಎಫ್-404 ಇಂಜಿನ್ನಿನ ಬಲದಿಂದ ವಿಮಾನ ಹಾರಿತು. ದಾಸ್ ಅವರ ಕಾಲದಲ್ಲಿ ಎದುರಾದ ಇಂಜಿನ್‌ನ ಪ್ರಶ್ನೆ ಭಾರತೀಯ ಯುದ್ಧವಿಮಾನ ವಿನ್ಯಾಸವನ್ನು ಮುಂದಿನ ಪೀಳಿಗೆಯಲ್ಲಿಯೂ ಹಿಂಬಾಲಿಸಿತು.